ಜರ್ಮನಿಯಲ್ಲಿ ಕಲೆ ಓದಲು ಹೊರಟಿದ್ದೀರಾ? ಮೊದಲ ವರ್ಷ ಹೀಗೆ ನಡೆಸಿ

ಅಕ್ಟೋಬರ್ ಬಂತೆಂದರೆ ಜರ್ಮನಿಯ ಕಲಾ ಅಕಾಡೆಮಿಗಳಿಗೆ ನಮ್ಮ ಕಡೆಯ ಹುಡುಗ ಹುಡುಗಿಯರು ಬಂದಿಳಿಯುತ್ತಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ಮೈಸೂರಿನ ಕಲಾ ಕಾಲೇಜು ಕಾವಾದಲ್ಲೋ ಓದಿದವರು. ಕೈ ಚೆನ್ನಾಗಿ ಪಳಗಿರುತ್ತದೆ. ಆದರೂ ಮೊದಲ ವರ್ಷದ ಅರ್ಧ ಸುಮ್ನೆ ಕಳೆದುಹೋಗುತ್ತದೆ. ಕಾರಣ ಒಂದೇ. ಯಾರಾದರೂ ಅಸೈನ್‌ಮೆಂಟ್ ಕೊಡುತ್ತಾರೆ ಎಂದು ಕಾಯುತ್ತಾ ಕೂರುತ್ತಾರೆ. ಇಲ್ಲಿ ಯಾರೂ ಕೊಡುವುದಿಲ್ಲ. ನನಗೆ ಚೆನ್ನಾಗಿ ಗೊತ್ತಿರುವ ಊರು ಡ್ಯೂಸೆಲ್‌ಡಾರ್ಫ್, ಹಾಗಾಗಿ ಅಲ್ಲಿಯ ಅಕಾಡೆಮಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹಂತ 1: ಪೆಟ್ಟಿಗೆ ಕಟ್ಟುವುದು

ಟರ್ಪೆಂಟೈನ್, ಥಿನ್ನರ್, ಫಿಕ್ಸೆಟಿವ್ ಸ್ಪ್ರೇ ವಿಮಾನದಲ್ಲಿ ಬಿಡುವುದಿಲ್ಲ. ಈಸಲ್ ಹೊತ್ತು ತರಬೇಡಿ. ಬಣ್ಣದ ದೊಡ್ಡ ಸೆಟ್ಟೂ ಬೇಡ. ತರಲೇಬೇಕಾದದ್ದು ಕಾಗದ. ನಮ್ಮಲ್ಲಿ ಕೆಲವು ಕಡೆ ಹತ್ತಿ ಬಟ್ಟೆಯ ಚೂರಿನಿಂದ ಕೈಯಲ್ಲೇ ಕಾಗದ ಮಾಡುತ್ತಾರೆ. ಅಂಥ ಕಾಗದಕ್ಕೆ ಯುರೋಪಿನಲ್ಲಿ ಬೆಲೆ ಜಾಸ್ತಿ. ಒಂದು ಕಟ್ಟು ಬಟ್ಟೆಗಳ ನಡುವೆ ಇಟ್ಟುಕೊಳ್ಳಿ. ನಿಮ್ಮ ಹಳೆಯ ಸ್ಕೆಚ್ ಪುಸ್ತಕಗಳನ್ನೂ ತನ್ನಿ, ಮುಂದೆ ಕೆಲಸಕ್ಕೆ ಬರುತ್ತವೆ.

ಹಂತ 2: ವಿಳಾಸ ಗಟ್ಟಿ ಮಾಡಿಕೊಳ್ಳುವುದು

ವೀಸಾಗೆಂದು, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೊ ಇಟ್ಟಿರುತ್ತೀರಿ. ತಿಂಗಳಿಗೆ ಕೈಗೆ ಬರುವುದು 992 ಯೂರೊ ಮಾತ್ರ. ಇದರಲ್ಲೇ ಬಾಡಿಗೆ, ಹೆಲ್ತ್ ಇನ್ಶೂರೆನ್ಸ್, ಊಟ, ಬಣ್ಣ ಎಲ್ಲ ಆಗಬೇಕು.

ಬಾಡಿಗೆ ಮನೆಗೆ ಹೋದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆಯ ಮಾಲೀಕರು ಸಹಿ ಹಾಕಿದ ದೃಢೀಕರಣ ಪತ್ರ ಬೇಕೇ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. "ರೂಮ್ ಕೊಡ್ತೀವಿ, ಆದರೆ ಆನ್‌ಮೆಲ್ಡುಂಗ್ ಮಾಡಿಸುವಂತಿಲ್ಲ" ಎನ್ನುವವರ ಮನೆ ಎಷ್ಟೇ ಅಗ್ಗವಾಗಿದ್ದರೂ ತಗೋಬೇಡಿ. ರೂಮ್ ನೋಡದೆ ಅಡ್ವಾನ್ಸ್ ಕಳಿಸಲೂ ಬೇಡಿ. ನೋಂದಣಿ ಇಲ್ಲದಿದ್ದರೆ ತೆರಿಗೆ ಸಂಖ್ಯೆ ಬರುವುದಿಲ್ಲ, ವಾಸದ ಪರವಾನಗಿಯೂ ತಡವಾಗುತ್ತದೆ.

ಇನ್ನೊಂದು ವಿಷಯ, ನಮ್ಮವರಿಗೇ ಜಾಸ್ತಿ ತೊಂದರೆ ಕೊಡುವಂಥದ್ದು. ಇಲ್ಲಿ ಮುಖ್ಯ ಕಾಗದಗಳೆಲ್ಲ ಅಂಚೆಯಲ್ಲಿ ಬರುತ್ತವೆ. ಪೋಸ್ಟ್ ಡಬ್ಬದ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ, ಪೋಸ್ಟ್‌ಮನ್ ಯಾರನ್ನೂ ಕೇಳುವುದಿಲ್ಲ. ನಮ್ಮಲ್ಲಿ ಒಬ್ಬರದು ಎರಡು ಇನಿಶಿಯಲ್, ಇನ್ನೊಬ್ಬರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ. ವೀಸಾಗೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ. ಆಮೇಲೆ ಅದೇ ಹೆಸರನ್ನು, ಅದೇ ಕ್ರಮದಲ್ಲಿ, ಬ್ಯಾಂಕ್, ಇನ್ಶೂರೆನ್ಸ್, ಅಕಾಡೆಮಿ ಎಲ್ಲ ಕಡೆ ಬರೆಯಿರಿ. ರೂಮ್ ಕೀಲಿ ಕೈಗೆ ಬಂದ ದಿನವೇ ಡಬ್ಬಕ್ಕೂ ಬೆಲ್‌ಗೂ ಹೆಸರು ಅಂಟಿಸಿ.

ಹಂತ 3: ಸಾಮಾನು ಮತ್ತು ಬೆಳಕು

ಶುರುವಿಗೆ ಎಣ್ಣೆ ಬಣ್ಣದ ಆರು ಟ್ಯೂಬ್ ಸಾಕು. ಟೈಟಾನಿಯಂ ವೈಟ್ ದೊಡ್ಡದು, ಜೊತೆಗೆ ಅಲ್ಟ್ರಾಮರೀನ್, ಯೆಲ್ಲೊ ಓಕರ್, ಬರ್ನ್ಟ್ ಸಿಯೆನಾ, ಒಂದು ಬೆಚ್ಚನೆಯ ಕೆಂಪು, ಒಂದು ನಿಂಬೆ ಹಳದಿ. ಸೂಪರ್‌ಮಾರ್ಕೆಟ್‌ನಲ್ಲಿ ಐದೈದು ಕ್ಯಾನ್ವಾಸ್ ಕಟ್ಟಿ ಅಗ್ಗಕ್ಕೆ ಮಾರುತ್ತಾರೆ. ಅದನ್ನು ಮುಟ್ಟಬೇಡಿ. ಬಟ್ಟೆ ತೆಳು, ಚೌಕಟ್ಟು ಹೀಟರ್ ಕಾವಿಗೆ ತಿರುಚಿಕೊಳ್ಳುತ್ತದೆ. ಚೌಕಟ್ಟಿನ ಕಡ್ಡಿ ಮತ್ತು ಲಿನನ್ ಬಟ್ಟೆ ಬೇರೆ ಬೇರೆ ಕೊಂಡು ನೀವೇ ಬಿಗಿಯಿರಿ.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಹಗಲಲ್ಲೂ ಮೋಡ. ನಮ್ಮ ಕಣ್ಣು ಬೆಂಗಳೂರಿನ ಬಿಸಿಲಿಗೆ ಒಗ್ಗಿದ್ದು. ರೂಮಿನ ಹಳದಿ ಬಲ್ಬ್ ಕೆಳಗೆ ಕಲಸಿದ ಹಸಿರು, ಬೆಳಿಗ್ಗೆ ನೋಡಿದರೆ ಬೂದುಬಣ್ಣವಾಗಿರುತ್ತದೆ. 5000 ಕೆಲ್ವಿನ್‌ನ, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 95ಕ್ಕಿಂತ ಮೇಲಿರುವ ಎಲ್‌ಇಡಿ ದೀಪ ಒಂದು ಕೊಳ್ಳಿ. ಬ್ರಷ್‌ಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ. ಚಳಿಯಲ್ಲಿ ಎಣ್ಣೆ ಬಣ್ಣ ಒಣಗುವುದೂ ನಿಧಾನ, ಪ್ರದರ್ಶನಕ್ಕೆ ವಾರವಿದೆ ಎಂದಾಗ ಹೊಸ ಕ್ಯಾನ್ವಾಸ್ ಎತ್ತಿಕೊಳ್ಳಬೇಡಿ. ಅಗಸೆ ಎಣ್ಣೆ ಹಿಡಿದ ಬಟ್ಟೆಯನ್ನು ಉಂಡೆಕಟ್ಟಿ ಮೂಲೆಗೆ ಎಸೆಯಬೇಡಿ, ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಮುಚ್ಚಳವಿರುವ ಲೋಹದ ಡಬ್ಬಕ್ಕೇ ಹಾಕಿ.

ಹಂತ 4: ಕ್ಲಾಸ್‌ನಲ್ಲಿ ಬೇರೂರುವುದು

ಎಲ್ಲರೂ ಎಡವುವುದು ಇಲ್ಲೇ. ಕ್ಲಾಸ್ ಅಂದರೆ ಪಾಠದ ಕೊಠಡಿ ಎಂದುಕೊಳ್ಳಬೇಡಿ. ಒಬ್ಬ ಪ್ರೊಫೆಸರ್, ಅವರ ಹತ್ತಿಪ್ಪತ್ತು ವಿದ್ಯಾರ್ಥಿಗಳು, ಎಲ್ಲರೂ ಹಂಚಿಕೊಂಡ ಸ್ಟುಡಿಯೊ. ಹೊಸದಾಗಿ ಕ್ಲಾಸ್ ಸೇರಿದವರ ಪಕ್ಕದಲ್ಲೇ ಐದನೇ ವರ್ಷದವರು ಕೆಲಸ ಮಾಡುತ್ತಿರುತ್ತಾರೆ. ಡ್ಯೂಸೆಲ್‌ಡಾರ್ಫ್‌ನಲ್ಲಿ 1976ರಿಂದ ಬರ್ನ್ಡ್ ಬೆಖರ್ ಫೊಟೊಗ್ರಫಿ ಕಲಿಸಿದರು, ಹೆಂಡತಿ ಹಿಲ್ಲಾ ಜೊತೆಗಿದ್ದರು. ಆ ಒಂದೇ ಕ್ಲಾಸ್‌ನಿಂದ ಆಂಡ್ರಿಯಾಸ್ ಗುರ್ಸ್‌ಕಿ, ಥಾಮಸ್ ಸ್ಟ್ರೂಥ್, ಥಾಮಸ್ ರೂಫ್, ಕಾಂಡಿಡಾ ಹ್ಯೋಫರ್ ಎಂಬ ಹೆಸರಾಂತ ಫೊಟೊಗ್ರಾಫರ್ಗಳು ಬಂದರು. ಪ್ರೊಫೆಸರ್ ದಿನವೂ ಬರುವುದಿಲ್ಲ. ಕಲಿಯುವುದು ಜಾಸ್ತಿ ಪಕ್ಕದವರಿಂದ. ರೂಮಿನಲ್ಲಿ ಬಾಗಿಲು ಹಾಕಿಕೊಂಡು ಚಿತ್ರ ಮಾಡುವವರು ಇದಷ್ಟನ್ನೂ ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಮಲಗಿ, ಕೆಲಸ ಸ್ಟುಡಿಯೊದಲ್ಲೇ ಮಾಡಿ.

ವಾರಕ್ಕೋ ಎರಡು ವಾರಕ್ಕೋ ಕೊಲೋಕ್ವಿಯಂ ಇರುತ್ತದೆ. ಒಬ್ಬಿಬ್ಬರು ಕೆಲಸ ತೋರಿಸುತ್ತಾರೆ, ಉಳಿದವರು ಮಾತಾಡುತ್ತಾರೆ. ನಿಮ್ಮ ಸರದಿಯನ್ನು ನೀವೇ ಕೇಳಿ ತಗೋಬೇಕು. ಮೊದಲ ತಿಂಗಳಲ್ಲೇ ಕೇಳಿ. "ಇನ್ನೂ ಮುಗಿದಿಲ್ಲ" ಎಂದು ಮುಂದಕ್ಕೆ ಹಾಕಬೇಡಿ, ಅರ್ಧವಾದದ್ದರ ಬಗ್ಗೆ ಮಾತಾಡಲೆಂದೇ ಎಲ್ಲರೂ ಸೇರುವುದು.

ಹಿಂದಿನ ದಿನವೇ ಹೋಗಿ ಗೋಡೆ ನೋಡಿಕೊಳ್ಳಿ. ಎರಡೋ ಮೂರೋ ಕೆಲಸ ಸಾಕು. ನಮ್ಮವರು ಹನ್ನೆರಡು ತೂಗುಹಾಕುತ್ತಾರೆ, ಆಗ ಯಾರೂ ಯಾವುದನ್ನೂ ನೋಡುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಮಾರು ಜಾಗ ಬಿಡಿ. ಹಳೆಯ ಮೊಳೆ ಕಿತ್ತು, ತೂತು ಮುಚ್ಚಿ.

ಆಮೇಲೆ ಸುಮ್ಮನಿರಿ. ಮೊದಲ ಐದು, ಕೆಲವೊಮ್ಮೆ ಹತ್ತು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ. ಕೆಲಸ ಚೆನ್ನಾಗಿಲ್ಲ ಎಂದು ಅದರ ಅರ್ಥವಲ್ಲ, ಅವರು ನೋಡುತ್ತಿದ್ದಾರೆ. ಆ ಮೌನ ತಡೆಯಲಾಗದೆ ನಮ್ಮ ಹುಡುಗರು "ಇದರ ಕಾನ್ಸೆಪ್ಟ್ ಏನಂದ್ರೆ" ಎಂದು ಶುರುಮಾಡಿ ಪುರಾಣ, ಅಜ್ಜಿಯ ಊರು, ಪಂಚಭೂತ ಎಲ್ಲ ಹೇಳಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಎದುರಿಗಿರುವವರು ಚಿತ್ರ ಬಿಟ್ಟು ಭಾರತದ ಬಗ್ಗೆ ಮಾತಾಡತೊಡಗುತ್ತಾರೆ. "ಇದು ನಿಮ್ಮ ಸಂಪ್ರದಾಯವಾ?" ಎಂದು ಕೇಳಿದರೆ ಒಂದೇ ಸಾಲಿನಲ್ಲಿ ಉತ್ತರಿಸಿ ಬಣ್ಣಕ್ಕೆ, ಅಳತೆಗೆ, ಅಂಚಿಗೆ ಮಾತು ತನ್ನಿ. ನೀವೇ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ. "ಈ ಎಡ ಮೂಲೆ ನಿಮಗೆ ಭಾರ ಅನಿಸುತ್ತಾ?" ಅಂಥದ್ದು. ಹೇಳಿದ್ದನ್ನೆಲ್ಲ ಬರೆದುಕೊಳ್ಳಿ, ಅಲ್ಲೇ ವಾದ ಬೇಡ. ಊರಿಂದ ತಂದ ಸ್ಕೆಚ್ ಪುಸ್ತಕಗಳನ್ನು ಆಗಲೇ ಗೋಡೆಯ ಕೆಳಗೆ ಇಡಿ. ತಿರುವಿ ನೋಡುವವರು ಇದ್ದೇ ಇರುತ್ತಾರೆ, ಗೋಡೆಯಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ.

ಬೇರೆಯವರ ಸರದಿಯಲ್ಲೂ ಮಾತಾಡಲೇಬೇಕು. ಮಾತಾಡದವರನ್ನು ಆಸಕ್ತಿಯಿಲ್ಲದವರು ಎಂದುಕೊಳ್ಳುತ್ತಾರೆ. ಜರ್ಮನ್ ಬರದಿದ್ದರೆ ಇಂಗ್ಲಿಷ್‌ನಲ್ಲಿ, ಕಂಡದ್ದನ್ನಷ್ಟೇ ಹೇಳಿ. "ಮೊದಲು ಈ ಗೆರೆ ಕಂಡಿತು, ಆಮೇಲೆ ಇಲ್ಲಿ ನಿಂತೆ." ಅಷ್ಟು ಸಾಕು. "ಸರ್, ಸರ್" ಬಿಟ್ಟುಬಿಡಿ. ಹೆಸರು ಹಿಡಿದು ಕರೆಯಿರಿ ಎಂದು ಪ್ರೊಫೆಸರ್ ಹೇಳಿದರೆ ಹಾಗೇ ಕರೆಯಿರಿ. ನಮಗೆ ನಾಲಗೆ ಹೊರಳುವುದಿಲ್ಲ, ಅಲ್ವಾ? ನಾಲ್ಕು ವಾರದಲ್ಲಿ ಹೊರಳುತ್ತದೆ.

ಹಂತ 5: ಪ್ರೊಫೆಸರ್ ಹುಡುಕುವುದು

ಡ್ಯೂಸೆಲ್‌ಡಾರ್ಫ್‌ನಲ್ಲಿ ಹೊಸಬರು ಮೊದಲು ಹೊಸಬರಿಗೆಂದೇ ಇರುವ ಓರಿಯೆಂಟೇಶನ್ ವಿಭಾಗದಲ್ಲಿರುತ್ತಾರೆ. ನಂತರ ಮೇಲೆ ಹೇಳಿದಂಥ ಕ್ಲಾಸ್‌ಗೆ ತಮ್ಮನ್ನು ಸೇರಿಸಿಕೊಳ್ಳುವ ಪ್ರೊಫೆಸರನ್ನು ತಾವೇ ಹುಡುಕಿಕೊಳ್ಳಬೇಕು. ಗೂಗಲ್ ಮಾಡಿ ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಚಳಿಗಾಲದ ಸೆಮಿಸ್ಟರ್ ಮುಗಿಯುವಾಗ ರುಂಡ್‌ಗಾಂಗ್ ಇರುತ್ತದೆ, ಇಡೀ ಅಕಾಡೆಮಿ ಜನರಿಗೆ ತೆರೆದಿರುತ್ತದೆ. ಪ್ರತಿಯೊಂದು ಕ್ಲಾಸ್‌ನ ಕೊಠಡಿಗೂ ಹೋಗಿ. ಎಲ್ಲ ವಿದ್ಯಾರ್ಥಿಗಳ ಕೆಲಸವೂ ಪ್ರೊಫೆಸರ್ ಕೆಲಸದಂತೆಯೇ ಕಂಡರೆ ಆ ಕ್ಲಾಸ್ ಬೇಡ. ಒಬ್ಬೊಬ್ಬರದು ಒಂದೊಂದು ದಾರಿ ಎನಿಸುವ ಕಡೆ ವಿದ್ಯಾರ್ಥಿಗಳನ್ನು ಮಾತಾಡಿಸಿ, ಅತಿಥಿಯಾಗಿ ಕೊಲೋಕ್ವಿಯಂಗೆ ಬರಬಹುದಾ ಕೇಳಿ. ಈಮೇಲ್ ನೆಚ್ಚಿಕೊಂಡು ಕೂರಬೇಡಿ, ಕೆಲಸ ಹಿಡಿದು ಖುದ್ದಾಗಿ ಹೋಗಿ.

ಅಕಾಡೆಮಿಯ ಪಕ್ಕದಲ್ಲೇ ಕೆ20 ಎಂಬ ಆಧುನಿಕ ಕಲೆಯ ಮ್ಯೂಸಿಯಂ ಇದೆ. 1960ರಲ್ಲಿ ಒಟ್ಟಿಗೆ ಕೊಂಡ ಚಿತ್ರಕಾರ ಪಾಲ್ ಕ್ಲೀಯ 88 ಕೃತಿಗಳಿಂದ ಶುರುವಾದ ಸಂಗ್ರಹ ಅದು. ಕ್ಲೀ 1931ರಿಂದ 1933ರವರೆಗೆ ಇದೇ ಅಕಾಡೆಮಿಯಲ್ಲಿ ಕಲಿಸಿದವರು. ಕ್ಲಾಸ್‌ನವರ ಜೊತೆ ಹೋಗಿ ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಿ. ಕೊಲೋಕ್ವಿಯಂನಲ್ಲಿ ಮಾತಾಡಲು ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಹಂತ 6: ಉಳಿದದ್ದು

ಊಟ ಕಷ್ಟವಿಲ್ಲ, ಅಕ್ಕಿ ಬೇಳೆ ಸಿಗುತ್ತವೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ತಂದಿಡಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಮೊದಲ ಸೆಮಿಸ್ಟರ್‌ನಲ್ಲಿ ಸಾಧ್ಯವಾದರೆ ಬೇಡ. ರೇಡಿಯೊ, ಟಿವಿ ಶುಲ್ಕ ಕೇಳಿ ಪತ್ರ ಬರುತ್ತದೆ. ಮೋಸ ಎಂದು ಎಸೆಯಬೇಡಿ. ಅದು ಮನೆಗೊಂದು, ರೂಮ್‌ಮೇಟ್‌ಗಳು ಹಂಚಿಕೊಳ್ಳಬಹುದು.

ಕೊನೆಗೆ ಸಿಗುವ ಪತ್ರ ಯಾವುದೆಂದು ಈಗಲೇ ತಿಳಿದುಕೊಳ್ಳಿ. ಡ್ಯೂಸೆಲ್‌ಡಾರ್ಫ್‌ನ ಫ್ರೀ ಆರ್ಟ್ ಕೋರ್ಸ್ ಮುಗಿಸಿದವರಿಗೆ ಕೊಡುವುದು ಅಕಾಡೆಮಿಬ್ರೀಫ್ ಎಂಬ ಅಕಾಡೆಮಿಯ ಪ್ರಮಾಣಪತ್ರ, ಎಂಎಫ್‌ಎ ಡಿಗ್ರಿಯಲ್ಲ. ಊರಿಗೆ ಬಂದು ಕಾಲೇಜಿನಲ್ಲಿ ಕಲಿಸುವ ಆಸೆಯಿದ್ದರೆ, ಭಾರತದಲ್ಲಿ ಅದನ್ನು ಯಾವುದಕ್ಕೆ ಸಮ ಎಂದು ಹಿಡಿಯುತ್ತಾರೆ ಎಂದು ಹೊರಡುವ ಮೊದಲೇ ವಿಚಾರಿಸಿ.

ಪ್ರತಿ ಸೆಮಿಸ್ಟರ್‌ಗೂ ಮುಂದುವರಿಯುತ್ತೇನೆಂದು ಶುಲ್ಕ ಕಟ್ಟಿ ಮರುನೋಂದಣಿ ಮಾಡಿಕೊಳ್ಳಬೇಕು. ಗಡುವು ತಪ್ಪಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ವೀಸಾಗೂ ಕುತ್ತು. ಅಕಾಡೆಮಿಯ ಕಚೇರಿಯಲ್ಲಿ ಆ ದಿನಾಂಕ ಕೇಳಿ, ಹದಿನೈದು ದಿನ ಮುಂಚಿನದನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ.