ಹಾಡು ಮೊದಲು, ಕ್ಯಾಮೆರಾ ಆಮೇಲೆ

ಫೈನಲ್ ಇಯರಿನ ಮ್ಯೂಸಿಕ್ ವಿಡಿಯೋ ಪ್ರಾಜೆಕ್ಟ್ ಶುರುವಾದ ಕೂಡಲೇ ನಮ್ಮ ವಿಭಾಗದ ಮಕ್ಕಳು ಬಂದು ಕೇಳುವ ಮೊದಲ ಪ್ರಶ್ನೆ, 'ಮ್ಯಾಮ್, ಯಾವ ಕ್ಯಾಮೆರಾ ಬಾಡಿಗೆಗೆ ತರೋಣ?' ನಾನು ತಿರುಗಿ ಕೇಳುವುದು ಒಂದೇ: ಹಾಡು ಮುಗಿದಿದೆಯಾ? ಸಾಮಾನ್ಯವಾಗಿ ಮುಗಿದಿರುವುದಿಲ್ಲ. ಪಲ್ಲವಿ ಇದೆ, ಒಂದು ಚರಣ ಇದೆ, ಗಿಟಾರ್ ಆಮೇಲೆ ಸೇರಿಸ್ತೀವಿ ಅಂತಾರೆ. ಮ್ಯೂಸಿಕ್ ವಿಡಿಯೋಗೆ ಅದು ನಡೆಯಲ್ಲ. ಶೂಟಿಂಗ್ ದಿನ ಸ್ಪೀಕರಿನಲ್ಲಿ ಹಾಕುವ ಹಾಡೂ ಕೊನೆಗೆ ಜನ ಕೇಳುವ ಹಾಡೂ ಒಂದೇ ಉದ್ದ, ಒಂದೇ ಲಯ ಇರಬೇಕು. ಆಮೇಲೆ ಕೊಳಲು ಜಾಸ್ತಿ ಮಾಡಿ, ತಬಲಾ ಕಡಿಮೆ ಮಾಡಿ, ತೊಂದರೆ ಇಲ್ಲ. ಲಯ ಮಾತ್ರ ಮುಟ್ಟಬೇಡಿ.

ಹಾಡು ನಿಮ್ಮದೇ ಆಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೇರೆಯವರ ಸಾಹಿತ್ಯ ಬೇಕೆಂದರೆ ಹಕ್ಕು ಯಾರದ್ದು ಅಂತ ನೋಡಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಶಿಶುನಾಳ ಷರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ತತ್ವಪದಗಳನ್ನು ನಿಮ್ಮದೇ ರಾಗದಲ್ಲಿ ಧಾರಾಳವಾಗಿ ಹಾಡಬಹುದು. ಕುವೆಂಪು 1994ರಲ್ಲಿ ತೀರಿಕೊಂಡರು. ಅವರ ಕವಿತೆಗೆ ಅನುಮತಿ ಬೇಕು. ಇನ್ನು ಷರೀಫರ ಪದವನ್ನೇ ಯಾರೋ ಹಾಡಿ ಬಿಡುಗಡೆ ಮಾಡಿದ್ದರೆ, ಆ ಧ್ವನಿಮುದ್ರಣದ ಹಕ್ಕು ಬೇರೆ. ಅದನ್ನು ಎತ್ತಿ ಹಾಕಿಕೊಳ್ಳುವ ಹಾಗಿಲ್ಲ.

ಮುಗಿದ ಹಾಡನ್ನು 48 ಕಿಲೋಹರ್ಟ್ಸ್ ವೇವ್ ಫೈಲ್ ಮಾಡಿಟ್ಟುಕೊಳ್ಳಿ. ತಂಡದವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತಲೇ ಕಳಿಸಿ. ಶೂಟಿಂಗಿಗೆ ಬಳಸುವ ಕಾಪಿಯಲ್ಲಿ ಹಾಡಿನ ಮುಂಚೆ ನಾಲ್ಕು ಟಿಕ್ ಟಿಕ್ ಸೇರಿಸಿ, ಹಾಡುವವರಿಗೆ ಎತ್ತುಗಡೆ ತಪ್ಪಲ್ಲ. ಸಾಹಿತ್ಯವನ್ನು ಪ್ರಿಂಟ್ ತೆಗೆದು ಪ್ರತಿ ಸಾಲಿನ ಪಕ್ಕ ನಿಮಿಷ, ಸೆಕೆಂಡು, ಏನು ಕಾಣಬೇಕು ಅನ್ನುವುದನ್ನು ಬರೆಯಿರಿ.

ಜಾಗದ ವಿಷಯಕ್ಕೆ ಬಂದರೆ ಎಲ್ಲರಿಗೂ ಕಬ್ಬನ್ ಪಾರ್ಕು, ಲಾಲ್‌ಬಾಗೇ ಬೇಕು. ಎರಡೂ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ, ಶೂಟಿಂಗಿಗೆ ಅನುಮತಿ ಬೇಕು. ಮೆಟ್ರೋದಲ್ಲೂ ಹಾಗೇ. ನಾನು ಹೇಳುವುದು, ನಿಮ್ಮ ಮನೆಯ ಟೆರೇಸ್ ನೋಡಿ. ಸಿಂಟೆಕ್ಸ್ ಟ್ಯಾಂಕು, ಒಣಗಿದ ಬಟ್ಟೆ, ಆಚೆ ಬೀದಿಯ ತೆಂಗಿನಮರ, ಎಲ್ಲವೂ ನಿಮ್ಮ ಬೆಂಗಳೂರೇ. ಗಾಂಧಿ ಬಜಾರಿನ ಹೂವಿನಂಗಡಿ ಬೇಕೆಂದರೆ ಹಿಂದಿನ ದಿನವೇ ಹೋಗಿ ಅಂಗಡಿಯವರನ್ನು ಕೇಳಿ, ವ್ಯಾಪಾರ ಬಿಸಿಯಾಗುವ ಮುಂಚೆ ಮುಗಿಸಿಕೊಳ್ಳಿ. ಜುಲೈ, ಆಗಸ್ಟಿನ ಮೋಡ ಕವಿದ ದಿನಗಳನ್ನು ಬಿಡಬೇಡಿ. ಬೆಳಗ್ಗೆ ತೆಗೆದ ಶಾಟಿಗೂ ಮಧ್ಯಾಹ್ನ ತೆಗೆದ ಶಾಟಿಗೂ ಬೆಳಕು ಹೊಂದುತ್ತದೆ, ಮುಖದ ಮೇಲೆ ಗಡಸು ನೆರಳು ಬೀಳುವುದಿಲ್ಲ. ಹಾರ್ನ್ ಸದ್ದಿನ ಚಿಂತೆಯೂ ಬೇಡ. ಅಲ್ಲಿನ ಶಬ್ದ ಕೊನೆಯ ವಿಡಿಯೋದಲ್ಲಿ ಇರುವುದೇ ಇಲ್ಲ ಅಲ್ವಾ?

ಹಾಗಂತ ಕ್ಯಾಮೆರಾದ ಮೈಕ್ ಆಫ್ ಮಾಡಬೇಡಿ. ಎಡಿಟಿಂಗಿನಲ್ಲಿ ಶಾಟನ್ನು ಹಾಡಿಗೆ ಕೂಡಿಸುವುದು ಆ ಒರಟು ಆಡಿಯೋದಿಂದಲೇ. ಸ್ಪೀಕರ್ ಹಾಡುವವರ ಹತ್ತಿರ ಇರಲಿ, ಕ್ಯಾಮೆರಾಗೂ ಕೇಳಿಸಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರಗಳ ಲೆಕ್ಕದಲ್ಲಿ ಸ್ಪೀಕರ್ 14 ಮೀಟರ್ ದೂರ ಇದ್ದರೆ ಹಾಡುವವರಿಗೆ ಹಾಡು ಒಂದು ಫ್ರೇಮ್ ತಡವಾಗಿ ಕೇಳಿಸುತ್ತದೆ. ಮತ್ತೆ, ಸುಮ್ನೆ ತುಟಿ ಆಡಿಸಬೇಡಿ, ಗಟ್ಟಿಯಾಗಿ ಹಾಡಿ. ಕತ್ತಿನ ನರ, ಉಸಿರು ಎಳೆದುಕೊಳ್ಳುವ ಕ್ಷಣ, ಇವು ಕಾಣದಿದ್ದರೆ ನೋಡುವವರಿಗೆ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ.

ಫೋನಿನಲ್ಲೇ ತೆಗೆಯಬಹುದು. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಲಾಕ್ ಮಾಡಲು ಬಿಡುವ ಆ್ಯಪ್ ಬಳಸಿ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟಿನ ಕೆಳಗೆ ಶಟರ್ ವೇಗ ಸೆಕೆಂಡಿನ 1/50 ಅಥವಾ 1/100 ಇಟ್ಟರೆ ಚಿತ್ರ ಮಿಣುಕುವುದಿಲ್ಲ. 30 ಫ್ರೇಮಿನಲ್ಲಿ ತೆಗೆದರೂ ಇದೇ ಶಟರ್. ಪ್ರತಿ ಜಾಗದಲ್ಲೂ ಪೂರ್ತಿ ಹಾಡನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ತೆಗೆಯಿರಿ. ಆಮೇಲೆ ಕೈ, ಕಾಲು, ತಂತಿ ಮೀಟುವ ಬೆರಳು.

ಸ್ಲೋ ಮೋಷನ್ನಿನಲ್ಲಿ ನಡೆಯುತ್ತಾ ಸರಿಯಾಗಿ ಹಾಡುವ ಶಾಟ್ ಎಲ್ಲರಿಗೂ ಇಷ್ಟ. ಅದು ಹೀಗೆ. ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರಿನಲ್ಲಿ ಹಾಡಿನ ಟೆಂಪೋ ಎರಡರಷ್ಟು ಮಾಡಿ, ಶ್ರುತಿ ಹಾಗೇ ಇರಲಿ. ಆ ವೇಗದ ಹಾಡಿಗೆ ನಟರು ತುಟಿ ಕೂಡಿಸಬೇಕು, ಕ್ಯಾಮೆರಾ 50 ಫ್ರೇಮಿನಲ್ಲಿ ಓಡಬೇಕು, ಶಟರ್ 1/100. ಎಡಿಟಿಂಗಿನಲ್ಲಿ 25ಕ್ಕೆ ಇಳಿಸಿದಾಗ ನಡಿಗೆ ಅರ್ಧ ವೇಗಕ್ಕೆ ಬರುತ್ತದೆ, ತುಟಿ ಮೂಲ ಹಾಡಿಗೆ ಸರಿಯಾಗಿ ಕೂಡುತ್ತದೆ. ಮುಂಚೆಯೇ ಚೆನ್ನಾಗಿ ಅಭ್ಯಾಸ ಮಾಡಿಸಿ. ವೇಗದ ಹಾಡಿಗೆ ಇದು ಬೇಡ, ನಾಲಿಗೆ ಹೊರಳುವುದಿಲ್ಲ. ನಿಧಾನದ ಭಾವಗೀತೆಗೆ ಇದು ಬಹಳ ಚೆನ್ನ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಫೋನುಗಳು ಫ್ರೇಮ್ ಲೆಕ್ಕ ಏರುಪೇರು ಮಾಡುತ್ತವೆ, ಉದ್ದದ ಶಾಟಿನ ಕೊನೆಗೆ ತುಟಿ ಜಾರುತ್ತದೆ. ಹಾಗಾಗಿ ಮೊದಲು ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ ಫ್ರೇಮ್ ದರ ಸ್ಥಿರ ಮಾಡಿಕೊಳ್ಳಿ. ಆಮೇಲೆ ಆಡಿಯೋ ಅಲೆಗಳನ್ನು ನೋಡಿ ಕೂಡಿಸಿ.

'ಮ್ಯಾಮ್, ಎಲ್ಲಾ ಸರಿ ಇದೆ, ಆದ್ರೂ ಏನೋ ಕೂಡ್ತಿಲ್ಲ' ಅಂತ ಬರುವವರಿಗೆ ನಾನು ಕೇಳುವುದು, ನಿಮ್ಮ ಹಾಡಿನಲ್ಲಿ 'ಮಳೆ'ಯಂಥ ಪದ ಎಲ್ಲಿದೆ? ಅಲ್ಲಿ ನಿಲ್ಲಿಸಿ. ಪ, ಬ, ಮ ಅಂದಾಗ ತುಟಿ ಮುಚ್ಚಲೇಬೇಕು, ಬೇರೆ ದಾರಿ ಇಲ್ಲ. 'ಮಳೆ'ಯ ಮ ಕೇಳಿಸುವ ಹೊತ್ತಿಗೆ ತುಟಿ ಆಗಲೇ ತೆರೆದಿದ್ದರೆ ಚಿತ್ರ ಮುಂದಿದೆ. ಅದು ಒಂದು ಫ್ರೇಮ್ ತಡವಾಗಿ ಬರುವ ಹಾಗೆ ಬಲಕ್ಕೆ ತಳ್ಳಿ ನೋಡಿ, ಇನ್ನೂ ಆಗದಿದ್ದರೆ ಇನ್ನೊಂದು. ಕ, ತ, ನ ನೋಡಿಕೊಂಡು ಕೂತರೆ ಏನೂ ಗೊತ್ತಾಗುವುದಿಲ್ಲ. ಈ ಕೆಲಸಕ್ಕೆ ಬ್ಲೂಟೂತ್ ಇಯರ್‌ಫೋನ್ ಖಂಡಿತ ಬೇಡ. ಅದರಲ್ಲಿ ಶಬ್ದ ತಡವಾಗಿ ಬರುತ್ತದೆ, ಸರಿ ಇರುವುದನ್ನೂ ತಪ್ಪು ಮಾಡಿಕೊಳ್ಳುತ್ತೀರಿ. ವೈರಿನ ಇಯರ್‌ಫೋನ್ ಹಾಕಿಕೊಳ್ಳಿ.

ಸಾಹಿತ್ಯವನ್ನು ಪರದೆಯ ಮೇಲೆ ಕನ್ನಡದಲ್ಲೇ ಹಾಕಿ, ದಯವಿಟ್ಟು. ಯೂನಿಕೋಡಿನಲ್ಲಿ ಟೈಪ್ ಮಾಡಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಪಕ್ಕಕ್ಕೆ ಒಡೆದು ಬೀಳುತ್ತದೆ. ಅದಕ್ಕೇ 'ಕೃಷ್ಣ', 'ಸ್ತ್ರೀ', 'ರಾಷ್ಟ್ರ' ಟೈಪ್ ಮಾಡಿ ಮೊದಲು ಪರೀಕ್ಷಿಸಿ. ಒಡೆದರೆ ಸಾಲುಗಳನ್ನು ಬೇರೆ ಕಡೆ ಬರೆದು, ಹಿನ್ನೆಲೆ ಇಲ್ಲದ ಚಿತ್ರವಾಗಿ ಉಳಿಸಿ ತಂದು ಕೂರಿಸಿ. ಕೊನೆಯ ಹೆಸರುಗಳ ಪಟ್ಟಿಯಲ್ಲಿ ಹಾಡು ಬರೆದವರು, ಹಾಡಿದವರು, ನುಡಿಸಿದವರ ಜೊತೆ ಟೆರೇಸ್ ಬಿಟ್ಟುಕೊಟ್ಟ ಮನೆಯವರ ಹೆಸರೂ ಇರಲಿ. ಕಾಗುಣಿತ ಸರಿ ಇದೆಯಾ ಅಂತ ಅವರಿಗೇ ಒಮ್ಮೆ ತೋರಿಸಿ ಅಪ್‌ಲೋಡ್ ಮಾಡಿ.