ಹಳೇ ಫ್ರಿಜ್ ಎಷ್ಟು ಕರೆಂಟ್ ಎಳೆಯುತ್ತದೆ? ಮೊದಲು ಅಳೆದು ನೋಡಿ

ನಮ್ಮದು ದಾವಣಗೆರೆ. ಫ್ರಿಜ್ 14 ವರ್ಷದ್ದು, 190 ಲೀಟರ್, ಸಿಂಗಲ್ ಡೋರ್. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ಮನೆಗೆ ಪುಕ್ಕಟೆ ಸಿಗುವುದು ತಿಂಗಳಿಗೆ 128 ಯೂನಿಟ್. ಹೋದ ವರ್ಷ ಏಪ್ರಿಲ್‌ನಲ್ಲಿ 150 ದಾಟಿತು. ಹೆಚ್ಚಾದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ನಮ್ಮ ತಲೆ ಮೇಲೆ. ಎಲ್ಲರೂ ಹೇಳಿದ್ದು ಒಂದೇ: ಹಳೇ ಫ್ರಿಜ್, ತೆಗೆದುಹಾಕಿ. ನನಗೆ ಮನಸ್ಸು ಬರಲಿಲ್ಲ. ಎಷ್ಟು ಎಳೆಯುತ್ತದೆ ಅಂತ ಗೊತ್ತಿಲ್ಲದೆ ಸುಮ್ನೆ ಹೇಗೆ ತೆಗೆಯುವುದು?

ಅಳೆಯುವುದಕ್ಕೆ ಯಾವ ಉಪಕರಣವೂ ಬೇಡ. ಎರಡು ದಿನ ಊರಿಗೆ ಹೋಗುವಾಗ ಫ್ರಿಜ್ ಒಂದನ್ನು ಬಿಟ್ಟು ಉಳಿದ ಸ್ವಿಚ್ಚೆಲ್ಲ ಆಫ್ ಮಾಡಿ. ವೈಫೈ ಡಬ್ಬಿ, ಸೆಟ್‌ಟಾಪ್ ಬಾಕ್ಸ್, ಯುಪಿಎಸ್ ಕೂಡ. ಹೊರಡುವಾಗ ಮೀಟರ್ ಫೋಟೊ, ಬಂದ ಮೇಲೆ ಇನ್ನೊಂದು ಫೋಟೊ. ನನ್ನದು 4521.3 ಇದ್ದದ್ದು 48 ಗಂಟೆಗೆ 4525.1 ಆಗಿತ್ತು. ಅಂದರೆ ದಿನಕ್ಕೆ 1.9 ಯೂನಿಟ್, ತಿಂಗಳಿಗೆ 57. ಅದೂ ಯಾರೂ ಬಾಗಿಲು ತೆಗೆಯದೆ! ಮನೆಯಲ್ಲಿ ಜನ ಇದ್ದರೆ ಇನ್ನೂ ಜಾಸ್ತಿಯೇ ಅಲ್ವಾ?

ಆಮೇಲೆ ಬಾಗಿಲಿನ ರಬ್ಬರ್ ನೋಡಿದೆ. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಹಿಡಿದುಕೊಳ್ಳಬೇಕು. ಮೇಲೆ, ಪಕ್ಕದಲ್ಲಿ ಚೆನ್ನಾಗಿಯೇ ಹಿಡಿಯಿತು. ಕೆಳಗಿನ ಮೂಲೆಗೆ ಬಂದಾಗ ನೋಟು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬಂತು. ಬಗ್ಗಿ ನೋಡಿದರೆ, ಯಾವತ್ತೋ ಚೆಲ್ಲಿದ ಹಾಲು ಮಡಿಕೆಯೊಳಗೆ ಕಪ್ಪಗೆ ಕಟ್ಟಿತ್ತು. ರಬ್ಬರ್ ಸೆಟೆದು ಒಂದು ಬೆರಳುದ್ದ ಬಿರುಕು ಬಿಟ್ಟಿತ್ತು. ಆ ಮೂಲೆಯಲ್ಲಿ ಯಾವಾಗಲೂ ನೀರಿನ ಹನಿ ಇರುತ್ತಿತ್ತು, ನಾನು ಒರೆಸಿ ಸುಮ್ಮನಾಗುತ್ತಿದ್ದೆ. ಹೊರಗಿನ ಬಿಸಿಗಾಳಿ ಒಳಗೆ ನುಗ್ಗುವ ಗುರುತು ಅದು.

ಬರೀ ಕೊಳೆಯಾಗಿದ್ದರೆ ಸೋಪು ನೀರಲ್ಲಿ ಒರೆಸಿದರೆ ಸಾಕು. ಸ್ವಲ್ಪ ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಒತ್ತಿ ಹಿಡಿಯಿರಿ, ಮೆತ್ತಗಾಗಿ ಕೂರುತ್ತದೆ. ಬಿರುಕು ಬಿಟ್ಟಿದ್ದರೆ ಬದಲಾಯಿಸಲೇಬೇಕು. ನನಗೆ ಕೂಲಿ ಸೇರಿ 700 ರೂಪಾಯಿ ಆಯಿತು.

ಅದೇ ದಿನ ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆ. ಪ್ಲಗ್ ಕಿತ್ತು, ಹಿಂದಿನ ಕಪ್ಪು ಜಾಲರಿಯ ಧೂಳನ್ನು ಬ್ರಷ್‌ನಿಂದ ತೆಗೆದೆ. ಒಳಗಿನ ಬಿಸಿ ಹೊರಗೆ ಹೋಗುವುದೇ ಆ ಜಾಲರಿಯಿಂದ. ಧೂಳು ಮುಚ್ಚಿದರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಫ್ರೀಜರ್‌ನಲ್ಲಿ ಐಸ್ ಅರ್ಧ ಸೆಂಟಿಮೀಟರ್ ದಪ್ಪ ಆಗುವ ಮೊದಲೇ ಡಿಫ್ರಾಸ್ಟ್ ಒತ್ತಿ. ಚಾಕು ಹಾಕಿ ಕೆರೆಯಬೇಡಿ, ಗ್ಯಾಸ್ ಪೈಪ್ ತೂತಾದರೆ ಖರ್ಚು ದೊಡ್ಡದು. ಒಳಗಿನ ತಂಪಿನ ತಿರುಗುಣಿ ಐದರಲ್ಲಿತ್ತು, ಮೂರಕ್ಕೆ ಇಳಿಸಿದೆ. ಹಾಲು ಕೆಡಲಿಲ್ಲ, ದೋಸೆ ಹಿಟ್ಟೂ ಹುಳಿಯಲಿಲ್ಲ. ಒಳಗೆ 4 ಡಿಗ್ರಿ ಇದ್ದರೆ ಸಾಕು. ಬಿಸಿ ಸಾರನ್ನು ಹಾಗೇ ಇಡಬೇಡಿ, ಪಾತ್ರೆಯನ್ನು ತಣ್ಣೀರಲ್ಲಿಟ್ಟು ಆರಿಸಿ ಇಡಿ.

ಮುಂದಿನ ತಿಂಗಳು ಮತ್ತೆ ಊರಿಗೆ ಹೋದಾಗ ಅದೇ ರೀತಿ ಅಳೆದೆ. 48 ಗಂಟೆಗೆ 2.6 ಯೂನಿಟ್. ತಿಂಗಳಿಗೆ 18 ಯೂನಿಟ್ ಉಳಿತಾಯ. ಈ ಯೂನಿಟ್‌ಗಳಿಗೆಲ್ಲ ದುಡ್ಡು ಕಟ್ಟುವಂತಿದ್ದರೆ, ಯೂನಿಟ್‌ಗೆ 6 ರೂಪಾಯಿ ಅಂದುಕೊಂಡರೂ ರಬ್ಬರಿನ ದುಡ್ಡು ಏಳು ತಿಂಗಳಲ್ಲಿ ವಾಪಸ್.

ಇಷ್ಟೆಲ್ಲ ಮಾಡಿದರೂ ಕಂಪ್ರೆಸರ್ ನಿಲ್ಲುವುದೇ ಇಲ್ಲ ಅಂದರೆ ಗ್ಯಾಸ್ ಅಥವಾ ಥರ್ಮೋಸ್ಟ್ಯಾಟ್ ತೊಂದರೆ ಇರಬಹುದು, ಮೆಕ್ಯಾನಿಕ್‌ಗೆ ತೋರಿಸಿ. ಹೊಸದು ಕೊಳ್ಳುವುದೇ ಆದರೆ ಲೇಬಲ್‌ನಲ್ಲಿ ಬರೀ ಸ್ಟಾರ್ ಎಣಿಸಬೇಡಿ. ವರ್ಷಕ್ಕೆ ಇಷ್ಟು ಯೂನಿಟ್ ಅಂತ ಒಂದು ಸಂಖ್ಯೆ ಇರುತ್ತದೆ, ಅದನ್ನು ಓದಿ. ಸ್ಟಾರ್ ಕೊಡುವ ಅಳತೆ ಆಗಾಗ ಬಿಗಿಯಾಗುತ್ತದೆ, ಹಾಗಾಗಿ ಲೇಬಲ್ ಯಾವ ವರ್ಷದ್ದು ಅಂತಲೂ ನೋಡಿ. ದೊಡ್ಡ ಫ್ರಿಜ್ಜಿಗೆ ಸ್ಟಾರ್ ಜಾಸ್ತಿ ಇದ್ದರೂ ಚಿಕ್ಕದಕ್ಕಿಂತ ಹೆಚ್ಚು ಕರೆಂಟ್ ಎಳೆಯಬಹುದು. ನನ್ನ ತಂಗಿ ಮನೆಯಲ್ಲಿ ಇಬ್ಬರೇ. ಅಂಗಡಿಯಲ್ಲಿ ಆ ಸಂಖ್ಯೆಯನ್ನು ಯೂನಿಟ್ ದರ ಆರರಿಂದ ಗುಣಿಸಿ, ಹನ್ನೆರಡರಿಂದ ಭಾಗಿಸಿ, ತಿಂಗಳ ಖರ್ಚು ನೋಡಿ, ಚಿಕ್ಕದನ್ನೇ ತಂದಳು.