ಬಣ್ಣದ ನೀರಿಗೆ ಲಿಗ್ನೈಟ್: ಮೊದಲು ಬಾಟಲಿಯಲ್ಲಿ ನೋಡಿ

ದೊಡ್ಡಬಳ್ಳಾಪುರದಲ್ಲಿ ನೂಲು, ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಘಟಕವೊಂದರಲ್ಲಿ ಇಟಿಪಿ (ಹೊರಬರುವ ಕೊಳಕು ನೀರನ್ನು ಶುದ್ಧ ಮಾಡುವ ಘಟಕ) ನೋಡಿಕೊಳ್ಳುತ್ತೇನೆ. 'ನೀರಿನ ಬಣ್ಣ ಹೀರೋ ಆಕ್ಟಿವೇಟೆಡ್ ಕಾರ್ಬನ್ (ವಿಶೇಷವಾಗಿ ತಯಾರಿಸಿದ ಇದ್ದಿಲು) ದುಬಾರಿ, ತಮಿಳುನಾಡಿನ ನೆಯ್ವೇಲಿ ಲಿಗ್ನೈಟ್ ಹಾಕಿದ್ರೆ ಆಗಲ್ವಾ?' ಅಂತ ಆಗಾಗ ಕೇಳುತ್ತಾರೆ. ಆಗುತ್ತೆ, ಆದರೆ ಎಲ್ಲ ಬಣ್ಣಕ್ಕೂ ಅಲ್ಲ.

ಅಕ್ರಿಲಿಕ್ ನೂಲಿಗೆ ಹಾಕುವ ಬೇಸಿಕ್ ಡೈಗಳಿಗೆ ನೀರಿನಲ್ಲಿ ಪಾಸಿಟಿವ್ ಚಾರ್ಜ್ ಇರುತ್ತದೆ. ಲಿಗ್ನೈಟ್ ಇನ್ನೂ ಬಲಿಯದ ಕಲ್ಲಿದ್ದಲು. ಅದರಲ್ಲಿ ಆಮ್ಲಜನಕ ಇರುವ ಗುಂಪುಗಳು ಜಾಸ್ತಿ, ಅವುಗಳ ಚಾರ್ಜ್ ನೆಗೆಟಿವ್. ಹಾಗಾಗಿ ಎರಡೂ ಅಂಟಿಕೊಳ್ಳುತ್ತವೆ. ಹತ್ತಿಯ ರಿಯಾಕ್ಟಿವ್ ಡೈ ಕೂಡ ನೆಗೆಟಿವ್, ಅದು ಬರೀ ಲಿಗ್ನೈಟ್‌ಗೆ ಸುಲಭವಾಗಿ ಸಿಗುವುದಿಲ್ಲ.

ಲಿಗ್ನೈಟ್ ಕುಟ್ಟಿ, ಸಣ್ಣ ರವೆಯಷ್ಟಾಗುವಂತೆ ಜರಡಿ ಹಿಡಿಯಿರಿ. ತೀರಾ ನುಣ್ಣಗಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೊಳೆಯಿರಿ. ಆಸಿಡ್ಡನ್ನು ನೀರಿಗೆ ಸುರಿಯಬೇಕು, ಆಸಿಡ್ಡಿಗೆ ನೀರಲ್ಲ. ಆಮೇಲೆ ಪಿಎಚ್ ಪೇಪರ್ 6–7 ತೋರಿಸುವವರೆಗೆ ಬರೀ ನೀರಲ್ಲಿ ತೊಳೆದು, 105 ಡಿಗ್ರಿ ಓವನ್‌ನಲ್ಲಿ ಒಣಗಿಸಿ. ಒಣಗಿದ್ದನ್ನು ರಾಶಿ ಹಾಕಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಮುಚ್ಚಳದ ಡಬ್ಬಿಯೇ ಸರಿ.

ಈಗ ಬಾಟಲಿ ಪರೀಕ್ಷೆ. ಬಣ್ಣದ ನೀರಿನ ಪಿಎಚ್ ಮೊದಲು 7ರ ಹತ್ತಿರಕ್ಕೆ ತನ್ನಿ. ಇದನ್ನು ಬಿಡಲೇಬೇಡಿ. ಡೈ ಬಾತ್‌ನಲ್ಲಿ (ಬಣ್ಣ ಅದ್ದುವ ನೀರಿನಲ್ಲಿ) ಸೋಡಾ ಇದ್ದರೆ ನೀರು ಕ್ಷಾರವಾಗಿರುತ್ತದೆ, ಅದರಲ್ಲಿ ಲಿಗ್ನೈಟ್‌ನೊಳಗಿನ ಹ್ಯೂಮಿಕ್ ಆಸಿಡ್ ಎಂಬ ವಸ್ತು ಕರಗಿ ಕಂದು ಬಣ್ಣ ಬಿಡುತ್ತದೆ. ಒಂದು ಬಣ್ಣ ತೆಗೆಯಲು ಹೋಗಿ ಇನ್ನೊಂದನ್ನು ಸುಮ್ನೆ ಸೇರಿಸಿದ ಹಾಗಾಗುತ್ತದೆ.

ನಾಲ್ಕು ಬಾಟಲಿಗಳಿಗೆ ತಲಾ 100 ಮಿಲಿ ಬಣ್ಣದ ನೀರು ಹಾಕಿ, ಕ್ರಮವಾಗಿ 0.5, 1, 2, 4 ಗ್ರಾಂ ಲಿಗ್ನೈಟ್ ಸೇರಿಸಿ. ಐದನೆಯದಕ್ಕೆ ಬಣ್ಣದ ನೀರು ಮಾತ್ರ. ಆರನೆಯದಕ್ಕೆ ಅದೇ ಪಿಎಚ್‌ನ ನಲ್ಲಿ ನೀರು, 4 ಗ್ರಾಂ ಲಿಗ್ನೈಟ್. ಎರಡು ಗಂಟೆ ಅಲ್ಲಾಡಿಸುತ್ತಿದ್ದು, ಫಿಲ್ಟರ್ ಪೇಪರ್‌ನಲ್ಲಿ ಸೋಸಿ, ಬಿಳಿ ಕಾಗದದ ಮುಂದೆ ಸಾಲಾಗಿ ಇಡಿ. ಆರನೆಯದೇ ಕಂದಾಗಿದ್ದರೆ ತೊಳೆದದ್ದು ಸಾಲದು. 2 ಗ್ರಾಂಗೂ 4 ಗ್ರಾಂಗೂ ವ್ಯತ್ಯಾಸ ಕಾಣದಿದ್ದರೆ 2 ಸಾಕು.

ಆದರೆ ಬಣ್ಣ ಹಾಕುವಾಗ ಸೇರಿಸಿದ ಉಪ್ಪನ್ನು ಲಿಗ್ನೈಟ್ ತೆಗೆಯುವುದಿಲ್ಲ. ಬಣ್ಣ ಹೋಯಿತೆಂದು ಹಳ್ಳಕ್ಕೆ ಬಿಡಬೇಡಿ. ತಮಿಳುನಾಡಿನ ನೊಯ್ಯಲ್ ನದಿ ಹಾಳಾಗಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಿದಾಗ ಉಪ್ಪೂ ದೊಡ್ಡ ತಲೆನೋವಾಗಿತ್ತು.

ಬಣ್ಣ ಹೀರಿದ ಲಿಗ್ನೈಟನ್ನು ಇಟ್ಟಿಗೆ ಗೂಡಿಗೆ ಮಾರಬೇಡಿ. ಇಟಿಪಿ ಕೆಸರಿನ ಜೊತೆಗೇ ಚೀಲ ಕಟ್ಟಿ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಜಾಗಕ್ಕೆ ಕಳಿಸಿ.